ಅತ್ತೆಗೆ ಓಬಿ ಕೊಟ್ಟ ಅಳಿಯ

"ಗೆರೆ ವಿಷಯದಲ್ಲಿ ನನಗೆ ಬುದ್ಧಿ ಹೇಳೋ ಗಂಡು ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ!"

ಹೀಗೆ ಘೋಷಿಸಿ ಡ್ರೈವಿಂಗ್ ಮೇಷ್ಟ್ರು ಊಟದ ಮೇಜನ್ನು ಗುದ್ದಿದರು. ಘೋಷಣೆಗೆ ಮನೆಯಲ್ಲಿ ಯಾರೂ ಹೆದರಲಿಲ್ಲ. ನೀರಿನ ಲೋಟವೊಂದು ಮಾತ್ರ ಹೆದರಿ ಮಗುಚಿಕೊಂಡಿತು.

"ಗಂಡು ಹುಟ್ಟಿಲ್ಲದೆ ಇರಬಹುದು. ಹೆಣ್ಣೊಂದು ಹುಟ್ಟಿ, ನಿಮ್ಮನ್ನೇ ಕಟ್ಟಿಕೊಂಡು, ಈಗ ಮೇಜು ಒರೆಸ್ತಾ ಇದೆ," ಎಂದಳು ಹೆಂಡತಿ. "ಸ್ವಲ್ಪ ಕೈ ಎತ್ತಿ, ನೀರು ನಿಮ್ಮ ಕಡೆಗೇ ಬರ್ತಿದೆ."

ಮೇಷ್ಟ್ರ ಜಂಬಕ್ಕೆ ಕಾರಣವಿಲ್ಲದಿರಲಿಲ್ಲ. ಒಂದೇ ಕಾರಿನ ಡ್ರೈವಿಂಗ್ ಸ್ಕೂಲಿಗೆ ಅವರೇ ಮಾಲೀಕರು, ಅವರೇ ಪ್ರಿನ್ಸಿಪಾಲರು, ಕಾರು ತೊಳೆಯುವವರೂ ಅವರೇ. ಬಿಳಿ ಗೆರೆ, ಹಳದಿ ಗೆರೆ, ತುಂಡು ಗೆರೆ, ಜೋಡಿ ಗೆರೆ ಎಂದು ಗೆರೆಗಳ ನಡುವೆಯೇ ಅವರ ಆಯುಷ್ಯ ಸವೆದಿತ್ತು. ಹಣೆಯ ಮೇಲಿನ ಗೆರೆಗಳೂ ಶಿಷ್ಯರು ಕೊಟ್ಟ ಗುರುದಕ್ಷಿಣೆಯೇ. "ಗಾಲಿ ಗೆರೆ ಮುಟ್ಟಿತೋ, ಫೇಲ್!" ಎಂಬುದು ಹೊಸ ಶಿಷ್ಯರಿಗೆ ಅವರು ಕೊಡುವ ಮೊದಲ ಉಪದೇಶ. ನಿದ್ದೆಯಲ್ಲಿ ಹೆಂಡತಿಯ ಕೈ ತಮ್ಮ ದಿಂಬಿನ ಕಡೆ ಬಂದರೂ ಅವರ ಬಾಯಿಂದ ಅದೇ ಉಪದೇಶ ಹೊರಡುತ್ತಿತ್ತು.

ಆದರೆ ಈ ಸಲದ ಗೆರೆ ರಸ್ತೆಯದಲ್ಲ. ಅದಕ್ಕೆ ಮೂಲ ಒಂದು ತುಂಡು ನೆರಳು.

ಅವರಿದ್ದ ಕಟ್ಟಡದ ಮುಂದೆ ಕಾರು ನಿಲ್ಲಿಸಲು ತಗಡಿನ ಚಾವಣಿ ಹಾಕಿದ ಒಂದೇ ಒಂದು ಜಾಗವಿತ್ತು. ಮಹಡಿಯಲ್ಲಿ ಮೇಷ್ಟ್ರು, ಕೆಳಗೆ ಹಲ್ಲಿನ ಡಾಕ್ಟರು. ಕಾರು ಎರಡು, ನೆರಳು ಒಂದು! ಮೊದಲು ಬಂದವರಿಗೆ ಜಾಗ ಎಂದು ಶುರುವಾದ ಒಪ್ಪಂದ ಕ್ರಮೇಣ ಓಟದ ಪಂದ್ಯವಾಯಿತು. ಡಾಕ್ಟರು ರೋಗಿಯ ಬಾಯಲ್ಲಿ ಹತ್ತಿ ತುರುಕಿ, "ಈಗ ಬಂದೆ, ಹಾಗೇ ಕಚ್ಚಿಕೊಂಡಿರಿ," ಎಂದು ಕ್ಲಿನಿಕ್ಕಿನಿಂದ ಓಡಿಬರತೊಡಗಿದರು. ಮೇಷ್ಟ್ರು ಶಿಷ್ಯರನ್ನು ನಡುದಾರಿಯಲ್ಲಿ ಇಳಿಸಿ, "ಇನ್ನರ್ಧ ಪಾಠ ನಾಳೆ," ಎಂದು ಕಾರು ತಿರುಗಿಸತೊಡಗಿದರು. ಸೋತ ದಿನ ಬಿಸಿಲಿನಲ್ಲಿ ಕಾದ ಸೀಟಿನ ಮೇಲೆ ಕೂತ ಶಿಷ್ಯರು, ಕಾರು ಹಾರುವ ಮೊದಲೇ ತಾವು ಹಾರುತ್ತಿದ್ದರು.

ಕೊನೆಗೊಂದು ದಿನ ಡಾಕ್ಟರು, ಸೂಜಿ ಚುಚ್ಚುವ ಮೊದಲು 'ಏನೂ ನೋವಾಗಲ್ಲ' ಎನ್ನುವ ಅದೇ ಸಿಹಿ ದನಿಯಲ್ಲಿ, "ಮೇಷ್ಟ್ರೇ, ದಿನಾ ಯಾಕೆ ಓಡೋದು? ಭಾನುವಾರ ಪಾರ್ಕಿನಲ್ಲಿ ಒಂದು ಡಿಸ್ಕ್ ಗಾಲ್ಫ್ ಪಂದ್ಯ ಆಡಿಬಿಡೋಣ. ಗೆದ್ದವರಿಗೆ ಒಂದು ವರ್ಷ ನೆರಳು. ನಿಮ್ಮ ಮನೆ ಕಡೆಯಿಂದ ಯಾರು ಬೇಕಾದ್ರೂ ಆಡಲಿ," ಎಂದರು.

ಡಿಸ್ಕ್ ಗಾಲ್ಫ್ ಎಂದರೆ ಗಾಲ್ಫೇ. ಆದರೆ ಕೋಲಿಲ್ಲ, ಚೆಂಡಿಲ್ಲ, ಗುಂಡಿಯೂ ಇಲ್ಲ. ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ದೂರದಲ್ಲಿ ನೆಟ್ಟಿರುವ ಕಬ್ಬಿಣದ ಬುಟ್ಟಿಗೆ ಎಸೆಯಬೇಕು. ಬುಟ್ಟಿಯ ಮೇಲೆ ಸರಪಳಿಗಳು ಜೋತುಬಿದ್ದಿರುತ್ತವೆ. ಅವಕ್ಕೆ ಬಡಿದು ಝಲ್ಲೆಂದು ಬುಟ್ಟಿಗೆ ಬಿದ್ದರೆ ಅಲ್ಲಿಗೆ ಆ ಬುಟ್ಟಿಯ ಆಟ ಮುಗಿಯಿತು, ಮುಂದಿನ ಬುಟ್ಟಿಗೆ ನಡೆಯುವುದು. ಕಡಿಮೆ ಎಸೆತದಲ್ಲಿ ಎಲ್ಲ ಬುಟ್ಟಿ ಮುಗಿಸಿದವರು ಗೆದ್ದರು. ಹಿಂಬದಿಯ ಪಾರ್ಕಿನಲ್ಲಿ ಡಾಕ್ಟರು ವರ್ಷಗಳಿಂದ ಈ ಆಟ ಆಡಿ ಹೆಸರು ಮಾಡಿದ್ದರು. ಮೇಷ್ಟ್ರೋ, ಕಸದ ಚೀಲವನ್ನು ಡಬ್ಬಿಗೆ ಎಸೆದರೂ ಅದು ಪಕ್ಕದ ಮನೆಯವರ ಬಾಗಿಲಿಗೆ ಬೀಳುತ್ತಿತ್ತು. ಇದು ಡಾಕ್ಟರಿಗೆ ಗೊತ್ತಿತ್ತು.

ಆದರೆ "ಯಾರು ಬೇಕಾದ್ರೂ" ಎಂದದ್ದೇ ಡಾಕ್ಟರು ಮಾಡಿದ ತಪ್ಪು. ಮೇಷ್ಟ್ರ ಕಡೆ ಅತ್ತೆ ಇದ್ದರು!

ಅತ್ತೆ ಅಂದರೆ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಒಂದು ನೋಟಕ್ಕೆ ಇಡೀ ವಾರ್ಡಿನ ನರಳಾಟ ನಿಲ್ಲಿಸಿದ ಖ್ಯಾತಿ ಅವರದು. ಈಗಲೂ ಬೀದಿಯವರಿಗೆಲ್ಲ ಅವರು 'ದೊಡ್ಡ ಸಿಸ್ಟರ್'. ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ಹೋದವರು, ಒಂದು ದಿನ ಯಾರದೋ ಡಿಸ್ಕು ಕಾಲಬಳಿ ಬಿದ್ದಾಗ ಅದನ್ನೆತ್ತಿ ವಾಪಸು ಎಸೆದರು. ಅದು ನೆಟ್ಟಗೆ ಹೋಗಿ ಬುಟ್ಟಿಗೆ ಬಿತ್ತು. ಅಂದಿನಿಂದ ದೊಡ್ಡ ಸಿಸ್ಟರ್ ವಾಕಿಂಗ್ ಬಿಟ್ಟರು, ಡಿಸ್ಕು ಹಿಡಿದರು.

ಮೇಷ್ಟ್ರಿಗೂ ಅತ್ತೆಗೂ ನಡುವೆ ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಅವರು 'ಅಳಿಯಂದಿರು' ಎನ್ನುವರು, ಇವರು 'ಅತ್ತೆಯವರು' ಎನ್ನುವರು. ಅಲ್ಲಿಗೆ ಸಂಭಾಷಣೆ ಮುಗಿಯುತ್ತಿತ್ತು. ಆ ಗಂಭೀರ ಮುಖದಿಂದ ಒಂದು ದಿನವಾದರೂ 'ಭೇಷ್' ಅನ್ನಿಸಿಕೊಳ್ಳಬೇಕೆಂಬುದು ಮೇಷ್ಟ್ರು ಯಾರಿಗೂ ಹೇಳದ ಆಸೆ. ಅದಕ್ಕೇ, ಪಂದ್ಯಕ್ಕೆ ತೀರ್ಪುಗಾರರು ಬೇಕಲ್ಲ ಎಂದು ಡಾಕ್ಟರು ಹೇಳಿದೊಡನೆ, "ನಾನಿದೀನಲ್ಲ!" ಎಂದು ಎದೆ ತಟ್ಟಿಕೊಂಡಿದ್ದರು.

"ಆಹಾ, ನಿಮ್ಮಷ್ಟು ನ್ಯಾಯವಂತರು ನನಗೆಲ್ಲಿ ಸಿಗಬೇಕು!" ಎಂದು ಡಾಕ್ಟರು ಅಷ್ಟೂ ಹಲ್ಲು ತೋರಿಸಿದ್ದರು.

ಈ ಸುದ್ದಿ ಕೇಳಿಯೇ ಹೆಂಡತಿ ತಗಾದೆ ತೆಗೆದದ್ದು, ಮೇಷ್ಟ್ರು ಮೇಜು ಗುದ್ದಿದ್ದು, ಲೋಟ ಮಗುಚಿದ್ದು.

"ರೀ, ಬೇಡ. ಅಮ್ಮ ಹೇಗೂ ಗೆಲ್ತಾಳೆ. ನೀವು ಸುಮ್ನೆ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿ."

"ಚಪ್ಪಾಳೆಯಾ? ಲೇ, ಈ ಆಟದ ಪ್ರಾಣ ಇರೋದೇ ಓಬಿಯಲ್ಲಿ! ಗೆರೆ ದಾಟಿ ಹೊರಗೆ ಬಿದ್ರೆ ಓಬಿ, ಒಂದು ಎಸೆತ ದಂಡ. ಗೆರೆ ಅಂದ್ಮೇಲೆ ನಾನಿಲ್ದೆ ಇನ್ಯಾರು?"

"ಓಬಿ ಅಂದ್ರೆ?"

"ಔಟ್ ಆಫ್ ಬೌಂಡ್ಸ್. ಎಲ್ಲೆ ಮೀರಿದ್ದು."

"ನಾನೆಲ್ಲೋ ಓಬೀರಾಯನ ಕಾಲದ್ದು ಅಂದ್ಕೊಂಡೆ. ನಿಮ್ಮ ಕಾರಿನ ಹಾಗೆ."

ಅತ್ತೆ ಪಕ್ಕದಲ್ಲೇ ಕೂತು ತಮ್ಮ ಡಿಸ್ಕನ್ನು ಒದ್ದೆ ಬಟ್ಟೆಯಿಂದ, ಥರ್ಮಾಮೀಟರ್ ಒರೆಸುವ ಹಾಗೆ, ನಿಧಾನವಾಗಿ ಒರೆಸುತ್ತಿದ್ದರು.

*

ಶನಿವಾರ ಮೇಷ್ಟ್ರು ಅಧ್ಯಯನಕ್ಕೆ ಕೂತರು. ಕೂತದ್ದು ಕಾರಿನಲ್ಲಿ, ಬೇಕರಿಯವರ ಪಕ್ಕದಲ್ಲಿ.

ಬೇಕರಿಯವರು ಮೇಷ್ಟ್ರ ಅತ್ಯಂತ ಹಳೆಯ ಶಿಷ್ಯರು. ಐವತ್ತು ದಾಟಿದ ಸಾಧು ಮನುಷ್ಯ. ಬ್ರೆಡ್ಡನ್ನು ಕಣ್ಣುಮುಚ್ಚಿ ಒಂದೇ ಅಳತೆಗೆ ಕೊಯ್ಯಬಲ್ಲವರು, ಆದರೆ ಫಸ್ಟ್ ಗೇರಿಗೂ ರಿವರ್ಸ್ ಗೇರಿಗೂ ಇರುವ ವ್ಯತ್ಯಾಸ ಅವರಿಗೆ ಒಲಿದಿರಲಿಲ್ಲ. ಪ್ರತಿ ಸಲ ಗೇರು ಹಾಕುವ ಮುಂಚೆ, "ಇದು ಮುಂದಕ್ಕಾ, ಹಿಂದಕ್ಕಾ, ಮೇಷ್ಟ್ರೇ?" ಎಂದು ಕೇಳುವರು. ಸೋಮವಾರ ಅವರಿಗೆ ಟೆಸ್ಟು.

ಶಿಷ್ಯರು ಹಿಂದಕ್ಕೆ ಪಾರ್ಕ್ ಮಾಡುವುದನ್ನು ಅಭ್ಯಾಸ ಮಾಡುತ್ತಿದ್ದರೆ, ಗುರುಗಳು ಮೊಬೈಲಿನಲ್ಲಿ ಓಬಿ ನಿಯಮ ಓದುತ್ತಿದ್ದರು. ಮೊದಲ ಸಾಲಿಗೇ ಅವರಿಗೆ ರೋಮಾಂಚನವಾಯಿತು. 'ಎಲ್ಲೆಯ ಗೆರೆಯೂ ಹೊರಗಿನ ಜಾಗಕ್ಕೇ ಸೇರಿದ್ದು.'

"ನಾನು ಹೇಳಿರಲಿಲ್ವಾ!" ಮೇಷ್ಟ್ರು ಕೂಗಿದರು. "ಗೆರೆಯೇ ಹೊರಗಿನದು! ಅಂದ್ಮೇಲೆ ಗೆರೆ ಮುಟ್ಟಿತೋ, ಫೇಲ್!"

ಗೆರೆ ಮುಟ್ಟಿದ್ದು ತಾನೇ ಎಂದು ಹೆದರಿದ ಬೇಕರಿಯವರು ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದರು. ಕಾರು ಹಿಂದಿದ್ದ ಕಸದ ಡಬ್ಬಿಗೆ ಢಮಾರೆಂದು ಗುದ್ದಿತು. ಮೊಬೈಲು ಹಾರಿ ಸೀಟಿನಡಿ ಸೇರಿತು. ನಿಯಮದ ಎರಡನೇ ಸಾಲೂ ಅದರ ಜೊತೆಗೇ ಸೀಟಿನಡಿ ಸೇರಿತು.

ಸಂಜೆ ಮೊಬೈಲೇನೋ ಸಿಕ್ಕಿತು. ಆದರೆ ಮೇಷ್ಟ್ರು ಮತ್ತೆ ಓದಲಿಲ್ಲ. ಪಂಡಿತರು ಒಂದು ಸಾಲಿನಲ್ಲೇ ಶಾಸ್ತ್ರ ಹಿಡಿಯುತ್ತಾರಂತೆ!

*

ಭಾನುವಾರ ಬೆಳಿಗ್ಗೆ ತೀರ್ಪುಗಾರರ ಸವಾರಿ ಪಾರ್ಕಿಗೆ ಚಿತ್ತೈಸಿತು. ತಲೆಗೆ ಬಿಳಿ ಟೋಪಿ, ಬಾಯಲ್ಲಿ ಸೀಟಿ, ಕೊರಳಲ್ಲಿ ಹೆಂಡತಿಯ ಹೊಲಿಗೆ ಡಬ್ಬಿಯಿಂದ ಕದ್ದ ಟೇಪು. ಬೇಕರಿಯವರಿಗೆ ಟೆಸ್ಟಿನ ಮುಂಚಿನ ಕೊನೆಯ ಪಾಠ ಅಂದೇ ಇದ್ದದ್ದರಿಂದ ಅವರನ್ನೂ ಕಾರಿನಲ್ಲೇ ಕರೆತಂದಿದ್ದರು. ಪಾರ್ಕಿಂಗ್ ಜಾಗದ ಅಂಚಿನಲ್ಲಿ, ಪಾರ್ಕಿಗೆ ಮುಖ ಮಾಡಿ ಕಾರು ನಿಲ್ಲಿಸಿ ಕಟ್ಟುನಿಟ್ಟಾಗಿ ಹೇಳಿದರು:

"ಇಲ್ಲೇ ಕೂತು ಕ್ಲಚ್ಚು, ಗೇರು ಅಭ್ಯಾಸ ಮಾಡ್ತಿರಿ. ಕಿಟಕಿ ಇಳಿಸೋಕೆ ಕೀ ಬಿಟ್ಟಿದೀನಿ. ಎಂಜಿನ್ ಮಾತ್ರ ಸ್ಟಾರ್ಟ್ ಮಾಡಬೇಡಿ."

"ಅಯ್ಯೋ, ನಾನಾ? ನಾನ್ಯಾಕೆ ಮಾಡ್ಲಿ ಮೇಷ್ಟ್ರೇ!"

ಆಟ ಶುರುವಾಯಿತು. ಪಾರ್ಕಿನ ಒಂದು ಬದಿಯ ಉದ್ದಕ್ಕೂ ಹುಲ್ಲಿಗೂ ಪಾರ್ಕಿಂಗ್ ಜಾಗಕ್ಕೂ ನಡುವೆ ಬಿಳಿ ಗೆರೆ ಎಳೆದಿತ್ತು. ಗೆರೆಯಾಚೆ ಎಲ್ಲ ಓಬಿ. ಮೊದಲ ಕೆಲವು ಬುಟ್ಟಿಗಳಲ್ಲಿ ಅತ್ತೆಯ ಡಿಸ್ಕು ಹೇಳಿದ ಮಾತು ಕೇಳುವ ರೋಗಿಯ ಹಾಗೆ ಹೋಗಿ ಬುಟ್ಟಿಯಲ್ಲಿ ಮಲಗುತ್ತಿತ್ತು. ಡಾಕ್ಟರು ಒಂದೆಸೆತ ಹಿಂದೆ ಬಿದ್ದಿದ್ದರು. ತೀರ್ಪುಗಾರರಿಗೆ ಕೆಲಸವೇ ಇಲ್ಲದೆ ಸೀಟಿ ಬಾಯಲ್ಲೇ ಒದ್ದೆಯಾಗುತ್ತಿತ್ತು.

ಆರನೇ ಬುಟ್ಟಿಯಲ್ಲಿ ಅತ್ತೆಯ ಡಿಸ್ಕು ಗಾಳಿಗೆ ವಾಲಿ ಗೆರೆಯ ಮೇಲೇ ಬಿತ್ತು. ಅರ್ಧ ಹುಲ್ಲಿನಲ್ಲಿ, ಅರ್ಧ ಗೆರೆಯ ಮೇಲೆ.

ಮೇಷ್ಟ್ರು ಓಡಿದರು. ಮಂಡಿಯೂರಿದರು. ಕೆನ್ನೆಯನ್ನು ನೆಲಕ್ಕಾನಿಸಿ ಒಂದು ಕಣ್ಣು ಮುಚ್ಚಿ ನೋಡಿದರು. ಎದ್ದರು. ಆಸುಪಾಸಿನ ಪಾರಿವಾಳಗಳೆಲ್ಲ ಹಾರುವಂತೆ ಸೀಟಿ ಊದಿದರು.

"ಓಬಿ!"

"ಅಳಿಯಂದಿರೇ," ಅತ್ತೆ ಮೆಲ್ಲಗೆ ಅಂದರು, "ಅರ್ಧ ಒಳಗೇ ಇದೆಯಲ್ಲ?"

"ಗೆರೆ ಮುಟ್ಟಿದೆ ಅತ್ತೆ. ಗೆರೆ ಹೊರಗಿನದು. ನಿಯಮದ ಮುಂದೆ ಅತ್ತೆಯೂ ಒಂದೇ, ಡಾಕ್ಟರೂ ಒಂದೇ! ಒಂದು ಎಸೆತ ದಂಡ!"

ನಿಷ್ಪಕ್ಷಪಾತ ಎಂದರೆ ಹೀಗಿರಬೇಕು ಎಂದು ಮೇಷ್ಟ್ರಿಗೆ ತಮ್ಮ ಮೇಲೇ ಗೌರವ ಉಕ್ಕಿತು. 'ಭೇಷ್' ಎಂಬ ಶಬ್ದಕ್ಕಾಗಿ ಅತ್ತೆಯ ಮುಖ ನೋಡಿದರು. ಅಲ್ಲಿ ಕಂಡದ್ದು ವಾರ್ಡಿನ ನರಳಾಟ ನಿಲ್ಲಿಸುತ್ತಿದ್ದ ಆ ಹಳೆಯ ನೋಟ. ಮೇಷ್ಟ್ರ ಕೈಯಿಂದ ಸೀಟಿ ತಾನಾಗಿ ಕೆಳಗೆ ಜಾರಿತು.

"ಸರಿ, ಅಳಿಯಂದಿರೇ," ಎಂದರು ಅತ್ತೆ. ಅಷ್ಟೇ.

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಯಾಕೋ, ಊರಿನವರ ಬಾಯೆಲ್ಲ ತೆರೆಸುವ ಡಾಕ್ಟರು ತಮ್ಮ ಬಾಯಿ ಮುಚ್ಚಿಕೊಂಡರು.

"ಮಧ್ಯಾಹ್ನದ ಊಟ ಎಲ್ಲಿ ಇಟ್ಕೊಂಡಿದೀರಿ?" ಹೆಂಡತಿ ಹತ್ತಿರ ಬಂದು ಕಿವಿಯಲ್ಲಿ ಕೇಳಿದಳು. "ಮನೇಲಂತೂ ಅಲ್ಲ, ಅದಕ್ಕೇ ಕೇಳಿದೆ."

ಏಳನೇ ಬುಟ್ಟಿಗೆ ಡಾಕ್ಟರು ಭರ್ಜರಿಯಾಗಿ ಎಸೆದರು. ಡಿಸ್ಕು ಗೆರೆಯಾಚೆ ಹಾರಿ, ನಿಂತಿದ್ದ ಕಾರುಗಳ ಮೇಲೆಲ್ಲ ಮೆರವಣಿಗೆ ಹೋಗಿ, ಬಾಗಿ ತಿರುಗಿ, ಬುಟ್ಟಿಯ ಹತ್ತಿರ ಹುಲ್ಲಿನ ಮೇಲೆ ಮೆತ್ತಗೆ ಇಳಿಯಿತು. ಡಾಕ್ಟರು ಕೈ ಮೇಲೆತ್ತಿ ಕುಣಿಯುವಷ್ಟರಲ್ಲಿ ಮತ್ತೆ ಸೀಟಿ.

"ಓಬಿ! ದಾರಿಯಲ್ಲಿ ಗೆರೆ ದಾಟಿದೆ!"

"ಏನ್ರೀ ಇದು ಮೇಷ್ಟ್ರೇ!" ಡಾಕ್ಟರ ಸಿಹಿ ದನಿ ಮೊದಲ ಬಾರಿಗೆ ಹುಳಿಯಾಯಿತು. "ಗಾಳಿಯಲ್ಲಿ ಎಲ್ಲಿಗೆ ಬೇಕಾದ್ರೂ ಹೋಗಲಿ, ಕೊನೆಗೆ ನಿಂತ ಜಾಗ ಲೆಕ್ಕ!"

"ನನ್ನ ಸ್ಕೂಲಿನಲ್ಲಿ ಗೆರೆ ದಾಟಿ ವಾಪಸ್ ಬಂದ್ರೂ ಫೇಲೇ."

"ಇದು ನಿಮ್ಮ ಸ್ಕೂಲಲ್ಲ! ತಗೊಳ್ಳಿ, ಓದಿ!" ಡಾಕ್ಟರು ಮೊಬೈಲು ತೆಗೆದು ನಿಯಮವನ್ನು ಮೇಷ್ಟ್ರ ಮೂಗಿಗೆ ಹಿಡಿದರು.

ಮೇಷ್ಟ್ರು ಓದುವ ಮೊದಲೇ ಅದನ್ನು ಹೆಂಡತಿ ಕಿತ್ತುಕೊಂಡಳು. ಅವಳು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೆಲಸ ಮಾಡುವವಳು. ಡಾಕ್ಟರುಗಳ ಕೈಬರಹವನ್ನೂ, ಮಾತ್ರೆಯ ಹಾಳೆಯ ಹಿಂದಿನ ಇರುವೆಯಂಥ ಅಕ್ಷರಗಳನ್ನೂ ಓದಿ ಪಳಗಿದ ಕಣ್ಣು ಅವಳದು.

"ಹೌದು, ಡಾಕ್ಟ್ರು ಹೇಳಿದ್ದು ಸರಿ. ನಿಂತ ಜಾಗವೇ ಲೆಕ್ಕ," ಎಂದಳು. ಡಾಕ್ಟರು ಬೀಗಿದರು. "ಇರಿ, ಇರಿ. ಸ್ವಲ್ಪ ಮೇಲೆ ಇನ್ನೊಂದು ಸಾಲಿದೆ. 'ಡಿಸ್ಕು ಸಂಪೂರ್ಣವಾಗಿ ಹೊರಗಿನ ಜಾಗದಲ್ಲಿದ್ದರೆ ಮಾತ್ರ ಓಬಿ. ಅದರ ಯಾವುದೇ ಭಾಗ ಒಳಗಿನ ಜಾಗವನ್ನು ಮುಟ್ಟಿದ್ದರೂ ಅದು ಒಳಗೇ.' ಅಂದ್ರೆ, ಅಮ್ಮನ ಡಿಸ್ಕು..."

ಎಲ್ಲರೂ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ತಮ್ಮ ಟೋಪಿಯನ್ನು ತೆಗೆದು ಅದರೊಳಗೆ ಏನೋ ಹುಡುಕಿದರು.

"ಗೆರೆ ಹೊರಗಿನದು ಅಂತ ಬರೆದಿದೆ ಕಣೇ. ನಾನೇ ಓದಿದೀನಿ."

"ಗೆರೆ ಹೊರಗಿನದೇ. ಆದ್ರೆ ಡಿಸ್ಕಿನ ಅರ್ಧ ಹುಲ್ಲಲ್ಲಿತ್ತಲ್ಲ! ಒಂದು ಕಾಲು ಬಾಗಿಲ ಹೊರಗಿಟ್ಟೋರನ್ನ ಮನೆ ಬಿಟ್ಟು ಹೋದ್ರು ಅಂತೀರಾ? ಪೂರ್ತಿ ಹೊರಗೆ ಹೋಗಬೇಕು. ಈಗ ನಾನು ನಿಮ್ಮನ್ನ ಕಳಿಸ್ತೀನಲ್ಲ, ಹಾಗೆ!" ಎಂದವಳು ಡಾಕ್ಟರ ಕಡೆ ತಿರುಗಿದಳು. "ಡಾಕ್ಟ್ರೇ, ಈ ನಿಯಮ ನಿಮಗೆ ಗೊತ್ತಿತ್ತಲ್ವಾ?"

"ಅದು... ತೀರ್ಪುಗಾರರ ಮಾತಿಗೆ ಎದುರು ಹೇಳಬಾರದು ಅಂತ..." ಡಾಕ್ಟರು ತಮ್ಮ ಬೂಟು ನೋಡಿಕೊಂಡರು.

ಎರಡು ತೀರ್ಪುಗಳೂ ರದ್ದಾದವು. ಆ ಕ್ಷಣದಿಂದ ಹೆಂಡತಿಯ ಬಾಯಲ್ಲಿ ಮೇಷ್ಟ್ರು 'ಓಬೀರಾಯರು' ಆದರು. ಕೋರ್ಟಿನಲ್ಲಿ ಸೋತ ಮಹಾರಾಜರಂತೆ ಓಬೀರಾಯರು ಎಲ್ಲರಿಗಿಂತ ಹತ್ತು ಹೆಜ್ಜೆ ಹಿಂದೆ ನಡೆದರು. ಸೀಟಿ ಜೇಬಿಗೆ ಹೋಯಿತು.

*

ಆದರೆ ಆಟ ಕೊನೆಯ ಬುಟ್ಟಿಗೆ ಬರುವಷ್ಟರಲ್ಲಿ ಡಾಕ್ಟರು ಸರಿಸಮ ಬಂದಿದ್ದರು. ಕೊನೆಯ ಬುಟ್ಟಿ ನೆಟ್ಟಿದ್ದುದು ಗೆರೆಗೆ ತೀರ ಹತ್ತಿರದಲ್ಲಿ. ಗೆರೆಯ ಆಚೆ, ಬುಟ್ಟಿಗೆ ನೇರ ಮುಖಮಾಡಿ, ನೆತ್ತಿಯ ಮೇಲೆ ಸ್ಕೂಲಿನ ಬೋರ್ಡು ಹೊತ್ತು ನಿಂತಿತ್ತು ಮೇಷ್ಟ್ರ ಕಾರು. ಒಳಗೆ ಬೇಕರಿಯವರು ಕಣ್ಣು ಮುಚ್ಚಿ, "ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ," ಎಂದು ಜಪ ಮಾಡುತ್ತ ಗೇರು ಬದಲಿಸುತ್ತಿದ್ದರು.

ಡಾಕ್ಟರು ನಾಲ್ಕು ಎಸೆತದಲ್ಲಿ ಮುಗಿಸಿದರು. ಅತ್ತೆ ಎರಡು ಎಸೆದಿದ್ದರು. ಮೂರನೆಯದು ಬುಟ್ಟಿಗೆ ಬಿದ್ದರೆ ವರ್ಷದ ನೆರಳು ಮೇಷ್ಟ್ರದು!

ಅತ್ತೆ ಕಣ್ಣು ಕಿರಿದು ಮಾಡಿ ಎಸೆದರು. ಡಿಸ್ಕು ನೇರವಾಗಿ ಬಂತು, ಇನ್ನೇನು ಸರಪಳಿಗೆ ಬಡಿಯಬೇಕು, ಅಷ್ಟರಲ್ಲಿ ಗಾಳಿ ಒಂದು ಸಣ್ಣ ಉಸಿರು ಬಿಟ್ಟಿತು. ಡಿಸ್ಕು ಬುಟ್ಟಿಯ ತಲೆ ಸವರಿ ಮುಂದೆ ಹೋಗಿ, ಕಾರಿನ ನೆತ್ತಿಯ ಮೇಲೆ 'ಠಪ್' ಎಂದು ಬಿದ್ದು, ಜಾರಿ, ಬೋರ್ಡಿಗೆ ಒರಗಿ ನಿಂತಿತು.

ಬೇಕರಿಯವರು ಬೆಚ್ಚಿಬಿದ್ದರು. ಕಣ್ಣು ಮುಚ್ಚಿ ಅಭ್ಯಾಸ ಮಾಡುತ್ತಿದ್ದವರಿಗೆ, ಯಾರಿಗೋ ಗುದ್ದಿಯೇಬಿಟ್ಟೆ ಎನ್ನಿಸಿತು. ಗುದ್ದಿದವರನ್ನು ಉಳಿಸಬೇಕಾದರೆ ಕಾರನ್ನು ಹಿಂದಕ್ಕೆ ತೆಗೆಯಬೇಕು! ಕೀ ತಿರುಗಿಸಿದರು, ಗೇರು ಹಾಕಿದರು, ಕ್ಲಚ್ಚು ಬಿಟ್ಟರು. ಅವರು ಹಾಕಿದ್ದು ರಿವರ್ಸ್ ಅಲ್ಲ.

ಕಾರು ಕಪ್ಪೆಯಂತೆ ಮುಂದಕ್ಕೆ ಕುಪ್ಪಳಿಸಿತು. ಮುಂಗಾಲಿಗಳು ಗೆರೆ ದಾಟಿ ಹುಲ್ಲು ಕಿತ್ತವು. ಎಂಜಿನ್ನು ಗಕ್ಕೆಂದು ನಿಂತಿತು. ಕಾರು ನಿಂತರೂ ಡಿಸ್ಕು ನಿಲ್ಲಲಿಲ್ಲ. ಗಾಜಿನ ಮೇಲಿಂದ, ಬಾನೆಟ್ಟಿನ ಮೇಲಿಂದ ಜಾರುಬಂಡೆ ಆಡಿ, ಚಿಮ್ಮಿ, ಎದುರಿಗಿದ್ದ ಸರಪಳಿಗೆ ಬಡಿದು, ಝಲ್ಲೆಂದು ಬುಟ್ಟಿಗೆ ಬಿತ್ತು!

ಎಲ್ಲರೂ ಬುಟ್ಟಿಯ ಕಡೆ ಓಡಿದರು.

"ಗೆದ್ವಿ!" ಹೆಂಡತಿ ಕುಣಿದಳು. "ಮೂರಕ್ಕೇ ಬಿತ್ತು!"

"ಅದು ಹ್ಯಾಗ್ರೀ? ಕಾರಿನಲ್ಲಿ ಕೂತು ಬಂದ ಡಿಸ್ಕು ಅದು!"

"ಹೇಗೆ ಬಂದ್ರೇನು ಡಾಕ್ಟ್ರೇ? ನಡ್ಕೊಂಡೇ ಬರಬೇಕು ಅಂತ ನಿಯಮ ಇದೆಯಾ?"

ಮತ್ತೆ ಮೊಬೈಲು ಹೊರಬಂತು. ಹೆಂಡತಿಯೇ ಓದಿದಳು. ಡಿಸ್ಕು ಇನ್ನೂ ಚಲಿಸುತ್ತಿರುವಾಗ ಏನಾದರೂ ತಗುಲಿ ದಿಕ್ಕು ಬದಲಾದರೆ, ಅದು ಕೊನೆಗೆ ಎಲ್ಲಿ ನಿಲ್ಲುತ್ತದೋ ಅದೇ ಅದರ ಜಾಗ. ಆದರೆ ಒಮ್ಮೆ ನಿಂತ ಮೇಲೆ ಯಾರಾದರೂ ಕದಲಿಸಿದರೆ, ಮೊದಲು ನಿಂತಿದ್ದ ಜಾಗವೇ ಲೆಕ್ಕ.

ಎಂದರೆ ಪ್ರಶ್ನೆ ಒಂದೇ. ಕಾರಿನ ನೆತ್ತಿಯ ಮೇಲೆ ಡಿಸ್ಕು ನಿಂತಿತ್ತೋ, ಇಲ್ಲವೋ?

"ಮೇಷ್ಟ್ರೇ, ನೀವು ಹತ್ತಿರದಲ್ಲಿದ್ರಿ. ನೀವೇ ಹೇಳಿ," ಎಂದರು ಡಾಕ್ಟರು.

ಮೇಷ್ಟ್ರಿಗೆ ಚೆನ್ನಾಗಿ ಕಂಡಿತ್ತು. ಕಾರಿನ ಬಣ್ಣಕ್ಕೆ ಏಟಾಯಿತೇ ಎಂದು ಅವರ ಎರಡೂ ಕಣ್ಣು ಅಲ್ಲೇ ನೆಟ್ಟಿದ್ದವು. ಡಿಸ್ಕು ಬೋರ್ಡಿಗೆ ಒರಗಿ ನಿಂತದ್ದು, ಆಮೇಲೆ ಕಾರು ಹೊರಟದ್ದು, ಎಲ್ಲ ಕಂಡಿತ್ತು. 'ನಿಂತಿತ್ತು' ಎಂದರೆ ನೆರಳು ಹೋಯಿತು. ಒಂದೇ ದಿನ ಅತ್ತೆಗೆ ಎರಡನೇ ಸಲ ಓಬಿ ಕೊಟ್ಟ ಅಳಿಯ ಎಂಬ ಬಿರುದು ಬಂತು. 'ನಿಂತಿರಲಿಲ್ಲ' ಎಂದರೆ ನೆರಳೂ ಇತ್ತು, ಊಟವೂ ಇತ್ತು. ಗೆರೆಯ ವಿಷಯದಲ್ಲಿ ಭೂಮಂಡಲಕ್ಕೇ ಸವಾಲು ಹಾಕಿದ್ದ ಮೇಷ್ಟ್ರು ಆಕಾಶ ನೋಡಿದರು.

"ನನಗೆ... ಸರಿಯಾಗಿ ಕಾಣಿಸಲಿಲ್ಲ."

"ನನಗೆ ಕಾಣಿಸ್ತು," ಎಂದರು ಅತ್ತೆ. "ಬೋರ್ಡಿಗೆ ಒರಗಿ ನಿಂತಿತ್ತು. ಕಾರು ನಿಂತಿದ್ದು ಗೆರೆ ಆಚೆ. ಅದು ಓಬಿ."

"ಅಮ್ಮಾ!"

"ಕಂಡಿದ್ದನ್ನ ಕಂಡ ಹಾಗೆ ಹೇಳಬೇಕು ಮಗಳೇ. ಜ್ವರ ಇದ್ರೂ ಇಲ್ಲ ಅಂತ ಬರೆದ್ರೆ ರೋಗಿ ಎದ್ದು ಓಡಾಡ್ತಾನಾ?"

ದಂಡದ ಎಸೆತ ಸೇರಿ ನಾಲ್ಕಾಯಿತು. ಡಿಸ್ಕು ಗೆರೆ ದಾಟಿದ ಕಡೆಯಿಂದ ಒಂದು ಮೀಟರ್ ಒಳಗೆ ಅತ್ತೆ ನಿಂತರು. ಮೇಷ್ಟ್ರು ಟೇಪು ಹಿಡಿದು ಅಳೆದರು. ಅತ್ತೆ ಎಸೆದರು, ಝಲ್ಲೆಂದಿತು. ಐದು. ಡಾಕ್ಟರು ಒಂದೆಸೆತದಿಂದ ಗೆದ್ದರು. ಆದರೆ ಡಾಕ್ಟರು ಕುಣಿಯಲಿಲ್ಲ. ತಮ್ಮದೇ ಹಲ್ಲು ನೋಯುವವರಂತೆ ಕೆನ್ನೆಯ ಮೇಲೆ ಕೈಯಿಟ್ಟು ನಿಂತರು.

ಅಷ್ಟರಲ್ಲಿ ಪಾರ್ಕಿನ ಕಾವಲುಗಾರ ಓಡಿಬಂದ. "ಯಾರ್ರೀ ಅದು, ಹುಲ್ಲಿನ ಮೇಲೆ ಕಾರು ಹತ್ತಿಸಿರೋದು?"

ಮೇಷ್ಟ್ರಿಗೆ ಥಟ್ಟನೆ ಹೊಸ ಜ್ಞಾನ ನೆನಪಾಯಿತು. "ನೋಡಪ್ಪಾ, ಹಿಂಗಾಲಿ ಎರಡೂ ಇನ್ನೂ ಪಾರ್ಕಿಂಗ್ ಜಾಗದಲ್ಲೇ ಇವೆ. ಪೂರ್ತಿ ಹೊರಗೆ ಬಂದ್ರೆ ಮಾತ್ರ ಹೊರಗೆ ಅಂತ ಲೆಕ್ಕ. ನಿಯಮದ ಪ್ರಕಾರ ಈ ಕಾರು..."

"ನಮ್ಮ ನಿಯಮ ಬೇರೆ ಸಾರ್. ಹುಲ್ಲು ಮುಟ್ಟಿದ್ರೆ ಮುಗೀತು. ಕಿತ್ತು ಬಂದಿರೋದನ್ನೆಲ್ಲ ಮತ್ತೆ ನೆಟ್ಟು, ನೀರು ಹಾಕಿ ಹೋಗಿ."

ಹೀಗೆ ತೀರ್ಪುಗಾರರು ಎರಡನೇ ಬಾರಿ ಮಂಡಿಯೂರಿದರು. ಈ ಸಲ ಕೈಯಲ್ಲಿ ಹುಲ್ಲಿನ ಹೆಂಟೆಯಿತ್ತು.

"ಬೇರು ಕೆಳಗೆ ಬರಲಿ ರಾಯರೇ, ಓಬೀರಾಯರೇ," ಎಂದು ಹೆಂಡತಿ ಕ್ಯಾನಿನಲ್ಲಿ ನೀರು ತಂದು ಹುಯ್ದಳು.

*

ಮನೆಗೆ ಬಂದಾಗ ಊಟ ಮೇಜಿನ ಮೇಲಿತ್ತು. ಮೇಷ್ಟ್ರು ಕೂರದೆ ಬಾಗಿಲಲ್ಲೇ ನಿಂತರು. ಉಗುರಿನಲ್ಲಿ ಇನ್ನೂ ಮಣ್ಣಿತ್ತು.

"ಅತ್ತೆ," ಎಂದರು. "ನನಗೆ ಕಾಣಿಸಿತ್ತು."

"ಗೊತ್ತು. ನಿಮ್ಮ ಕಣ್ಣು ಕಾರಿನ ಮೇಲೇ ಇತ್ತು," ಎಂದು ಅತ್ತೆ ಅವರನ್ನು ಸ್ವಲ್ಪ ಹೊತ್ತು ನೋಡಿದರು. "ಕಾಣಿಸಲಿಲ್ಲ ಅಂದಿದ್ದು ನೆರಳಿಗೋಸ್ಕರವೋ, ನನಗೋಸ್ಕರವೋ?"

ಮೇಷ್ಟ್ರು ಯೋಚಿಸಿದರು. "ಎರಡಕ್ಕೂ, ಅತ್ತೆ. ಅರ್ಧ ಅರ್ಧ."

ಅತ್ತೆಯ ಮುಖದಲ್ಲಿ ಏನೋ ಅಲುಗಿತು. ಅದು ನಗುವೇ ಇರಬೇಕು. ಆ ಮುಖದ ಮೇಲೆ ಅದನ್ನು ಮೊದಲು ನೋಡಿರದಿದ್ದರಿಂದ ಮೇಷ್ಟ್ರಿಗೆ ಗುರುತು ಹತ್ತಲಿಲ್ಲ. "ಕೈ ತೊಳ್ಕೊಂಡು ಕೂತ್ಕೊಳ್ಳಿ," ಎಂದು ಅವರೇ ಬಡಿಸಿದರು.

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಹಲ್ಲಿನ ಡಾಕ್ಟರು! ನೆರಳಿನಲ್ಲಿ ಕಾರು ನಿಲ್ಲಿಸಿ ಬಂದಿದ್ದರೂ ಮುಖ ಬಿಸಿಲಿನಲ್ಲಿ ಬಾಡಿದಂತಿತ್ತು.

"ಸಿಸ್ಟರ್, ಈ ಗೆಲುವು ನನಗೆ ಜೀರ್ಣ ಆಗ್ತಿಲ್ಲ. ಆ ಗೆರೆ ವಿಷಯ ಗೊತ್ತಿದ್ದೂ ನಾನು ಸುಮ್ಮನಿದ್ದೆ. ನೀವು ಹಾಗೆ ಮಾಡಲಿಲ್ಲ. ಬರೋ ಭಾನುವಾರ ಇನ್ನೊಂದು ಪಂದ್ಯ ಆಡೋಣ. ಇದು ಲೆಕ್ಕಕ್ಕಿಲ್ಲ."

"ಆಡೋಣ," ಎಂದರು ಅತ್ತೆ.

"ತೀರ್ಪಿಗೆ...?" ಡಾಕ್ಟರು ಅಳುಕುತ್ತ ಕೇಳಿದರು.

ಮೇಷ್ಟ್ರು ಮೆಲ್ಲಗೆ ಅಂಗಿಯ ಕಾಲರ್ ಸರಿಮಾಡಿಕೊಂಡರು. ಗಂಟಲು ಸರಿಮಾಡಿಕೊಂಡರು.

"ನೋಡಿ, ನನಗಂತೂ ಇಷ್ಟ ಇಲ್ಲ. ಆದ್ರೆ ನಿಯಮ ಎಲ್ಲಾ ಈಗ ಪೂರ್ತಿ ಓದ್ಕೊಂಡಿದೀನಿ. ಎಲ್ಲರೂ ಅಷ್ಟು ಒತ್ತಾಯ ಮಾಡೋದಾದ್ರೆ..."

ಯಾರೂ ಒತ್ತಾಯ ಮಾಡಲಿಲ್ಲ.

"ನೀವು ಹುಲ್ಲು ನೆಡ್ತಿದ್ದಾಗಲೇ ನಾನು ಬೇಕರಿಯವರನ್ನ ಕೇಳಿ ಒಪ್ಪಿಸಿದೀನಿ ಅಳಿಯಂದಿರೇ," ಎಂದರು ಅತ್ತೆ.

"ಬೇಕರಿಯವರಾ!" ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಅತ್ತೆ, ಆ ಮನುಷ್ಯನಿಗೆ ಏನೂ ಗೊತ್ತಿಲ್ಲ!"

"ಹೌದು," ಅತ್ತೆ ತಲೆಯಾಡಿಸಿದರು. "ಆದ್ರೆ ಅದು ಅವರಿಗೆ ಗೊತ್ತಿದೆ."